ಭೂಕಂಪದ ಪಟ್ಟಿಯಲ್ಲಿ ಒಂದು ಸಾಲು ಓದುವ ಬಗೆ

ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಗಲಗಲ ಅಂದ ಐದೇ ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಮೂರು ಥರದ ತೀವ್ರತೆ ಓಡಾಡುತ್ತಿರುತ್ತದೆ. ಫಾರ್ವರ್ಡ್ ಮಾಡುವ ಮೊದಲು ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಪಟ್ಟಿ ತೆರೆಯಿರಿ. ಅವರದೇ 'ಭೂಕಂಪ್' ಆ್ಯಪ್ ಕೂಡ ಇದೆ. ಹೊರದೇಶದ್ದಾದರೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಪಟ್ಟಿ.

ಆದರೆ ನಮ್ಮ ಕಡೆಯ ಸಣ್ಣ ಕಂಪನವನ್ನು ಯುಎಸ್‌ಜಿಎಸ್‌ನಲ್ಲಿ ಹುಡುಕಿ, ಸಿಗಲಿಲ್ಲವೆಂದು ಸುದ್ದಿಯೇ ಸುಳ್ಳು ಅಂದುಕೊಳ್ಳಬೇಡಿ. ಅಮೆರಿಕದ ಹೊರಗೆ ಅದು ಸಾಮಾನ್ಯವಾಗಿ 4.5 ಮತ್ತು ಅದಕ್ಕಿಂತ ದೊಡ್ಡವನ್ನು ತೋರಿಸುತ್ತದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ನೆಲದೊಳಗಿನ ಸದ್ದಿಗೆ ಬೆದರಿ ರಾತ್ರಿ ಮನೆಯಿಂದ ಹೊರಗೆ ಬಂದರು. ಆಗಿನ ದೊಡ್ಡ ಕಂಪನವೇ 4.1. ಇಂಥವಕ್ಕೆ ದೆಹಲಿಯ ಪಟ್ಟಿ, ಜೊತೆಗೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆ ನೋಡಬೇಕು.

ನಾನು ಹೆಚ್ಚು ಎಡವಿದ್ದು ಸಮಯದ ಕಾಲಂನಲ್ಲಿ. 2015ರ ಏಪ್ರಿಲ್ 25ರ ನೇಪಾಳದ 7.8ರ ಭೂಕಂಪವನ್ನೇ ತೆಗೆದುಕೊಳ್ಳಿ. ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯದ ಲೆಕ್ಕದಲ್ಲಿ ಬೆಳಿಗ್ಗೆ 6:11, ನಮಗೆ 11:41, ಕಠ್ಮಂಡುವಿನ ಗಡಿಯಾರದಲ್ಲಿ 11:56. ನೋಟ್ಸ್‌ನಲ್ಲಿ ಮೂರೂ ಬರೆದುಕೊಂಡು ಇವು ಮೂರು ಬೇರೆ ಕಂಪನಗಳೇನೋ ಎಂದು ತಲೆಕೆಡಿಸಿಕೊಂಡಿದ್ದೆ. ಯುಟಿಸಿಗೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ನೇಪಾಳ ನಮಗಿಂತ ಕಾಲು ಗಂಟೆ ಮುಂದೆ.

ಆಮೇಲೆ ಅಂಕಿ. ಪತ್ರಿಕೆಗಳು ಇವತ್ತಿಗೂ 'ರಿಕ್ಟರ್ ಮಾಪಕದಲ್ಲಿ' ಎಂದೇ ಬರೆಯುತ್ತವೆ. ದೊಡ್ಡ ಕಂಪನಗಳಿಗೆ ಈಗ ಬಳಸುವುದು ಮೊಮೆಂಟ್ ಮ್ಯಾಗ್ನಿಟ್ಯೂಡ್, ಅಂದರೆ ನೆಲದೊಳಗಿನ ಬಿರುಕು ಎಷ್ಟು ದೊಡ್ಡದು, ಎಷ್ಟು ಜರುಗಿತು ಎಂಬುದರ ಮೇಲೆ ಹಾಕುವ ಲೆಕ್ಕ. ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು, ಹಾಗಾಗಿ 5 ಮತ್ತು 6ರ ನಡುವಿನ ಅಂತರ ಚಿಕ್ಕದಲ್ಲ. ಮೊದಲ ಅಂಕಿ ಬಹುತೇಕ ಕಂಪ್ಯೂಟರ್ ತಾನಾಗಿ ಹಾಕಿದ್ದು, ತಜ್ಞರು ನೋಡಿದ ಮೇಲೆ ಬದಲಾಗಬಹುದು. ಯುಎಸ್‌ಜಿಎಸ್‌ನಲ್ಲಿ ಪರಿಶೀಲನೆ ಆಗಿದೆಯೇ ಎಂಬುದನ್ನೂ ನಮೂದಿಸಿರುತ್ತಾರೆ.

ಆಳದ ಕಾಲಂನಲ್ಲಿ '10 ಕಿ.ಮೀ.' ಎಂದು ಪದೇ ಪದೇ ಕಾಣುತ್ತದೆ. ಆಳ ನಿಖರವಾಗಿ ಸಿಗದಾಗ ಊಹೆಯಾಗಿ ಹಾಕುವ ಸಂಖ್ಯೆ ಅದು, ಹಾಗಾಗಿ ಅದನ್ನು ಅಳತೆ ಮಾಡಿದ ಆಳವೆಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಆಳ ಮುಖ್ಯ ಹೌದು. ಅದೇ ತೀವ್ರತೆಯ ಕಂಪನ ಮೇಲ್ಮೈಗೆ ಹತ್ತಿರವಾದಷ್ಟೂ ಮನೆಗಳಿಗೆ ಪೆಟ್ಟು ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು ಸುಮಾರು 6.2 ಅಷ್ಟೇ, ಆದರೆ ಮೇಲ್ಮೈಗೆ ಹತ್ತಿರ. ಮಣ್ಣು ಕಲ್ಲಿನ ಗೋಡೆಗಳಡಿ ಸಾವಿರಾರು ಜನ ನಿದ್ದೆಯಲ್ಲೇ ಹೋದರು.

ನಿಮಗೇ ಕಂಪನದ ಅನುಭವವಾದರೆ ಯುಎಸ್‌ಜಿಎಸ್‌ನ 'ನಿಮಗೆ ಅನುಭವವಾಯಿತೇ' ಎಂಬ ಫಾರ್ಮ್ ತುಂಬಿ. ತಟ್ಟೆ ಅಲುಗಿತೇ, ಗೋಡೆ ಬಿರುಕು ಬಿಟ್ಟಿತೇ ಎಂಬ ಉತ್ತರಗಳಿಂದಲೇ ಯಾವ ಊರಿನಲ್ಲಿ ನೆಲ ಎಷ್ಟು ನಡುಗಿತೆಂಬ ನಕ್ಷೆ ತಯಾರಾಗುತ್ತದೆ.