ಗುಂಯ್ ಅನ್ನುತ್ತೆ, ತಿರುಗಲ್ಲ

"ಗುಂಯ್ ಅನ್ನುತ್ತೆ, ಆದ್ರೆ ತಿರುಗಲ್ಲ." ಹಳೇ ವಾಷಿಂಗ್ ಮಷಿನ್ ಬಗ್ಗೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಅದರ ಹಿಂದೆಯೇ ಎರಡನೇ ಮಾತು: "ಮೋಟಾರ್ ಸುಟ್ಟಿರ್ಬೇಕು ಅಲ್ವಾ? ಗುಜರಿಗೆ ಹಾಕ್ಬಿಡೋಣ ಅಂತ ಮಗ ಹೇಳ್ತಿದಾನೆ."

ಸ್ವಲ್ಪ ತಡೀರಿ. ಸುಟ್ಟ ಮೋಟಾರ್ ಸಾಮಾನ್ಯವಾಗಿ ಹೀಗೆ ಮಾತಾಡುವುದಿಲ್ಲ. ಘಾಟು ವಾಸನೆ ಬರುತ್ತದೆ, ಇಲ್ಲ ಫ್ಯೂಸ್ ಹಾರುತ್ತದೆ, ಇಲ್ಲ ತಣ್ಣಗೆ ಕೂತಿರುತ್ತದೆ. ಗುಂಯ್ ಅಂದರೆ ಕರೆಂಟ್ ಬಂದಿದೆ, ಮೋಟಾರಿಗೆ ಏಳುವುದಕ್ಕೆ ಆಗುತ್ತಿಲ್ಲ ಅಂತ. ಆದರೆ ಹಾಗೇ ಗುಂಯ್ ಅನ್ನಲು ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬಂದರೆ ನಿಜವಾಗಿಯೂ ಸುಡುತ್ತದೆ. ತಿರುಗದೆ ನಿಂತ ಮೋಟಾರ್ ಬೇಗ ಕಾಯುತ್ತದೆ. ಸದ್ದು ಕೇಳಿದ ತಕ್ಷಣ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ.

ಹೋದ ತಿಂಗಳು ಸರಸ್ವತಿಪುರಂನ ಒಬ್ಬರು ನಿವೃತ್ತ ಟೀಚರ್ ಮನೆಯಿಂದಲೂ ಇದೇ ಫೋನ್. ಹಿತ್ತಲಿನ ಶೀಟಿನ ಕೆಳಗೆ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮಷಿನ್. 90ರ ದಶಕದ್ದು. ಒಂದು ಕಡೆ ಒಗೆಯುವ ತೊಟ್ಟಿ, ಪಕ್ಕದಲ್ಲಿ ಹಿಂಡುವ ಡ್ರೈಯರ್. ಬಿಳಿ ಪ್ಲಾಸ್ಟಿಕ್ ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗಿತ್ತು. ಈ ಜಾತಿಯ ಮಷಿನ್ ಅಂದರೆ ನನಗೆ ಇವತ್ತಿಗೂ ಪ್ರೀತಿ. ಒಳಗೆ ಸರ್ಕ್ಯೂಟ್ ಬೋರ್ಡೇ ಇಲ್ಲ. ಎರಡು ಮೋಟಾರ್, ಎರಡು ಕಂಡೆನ್ಸರ್, ಗಡಿಯಾರದಂತೆ ಸ್ಪ್ರಿಂಗಿನಲ್ಲಿ ಓಡುವ ಎರಡು ಟೈಮರ್, ಒಂದು ಬೆಲ್ಟ್. ಹಿಂದಿನ ಕವರ್ ಬಿಚ್ಚಿದರೆ ಎಲ್ಲವೂ ಕಣ್ಣೆದುರಿಗೇ ಕಾಣುತ್ತದೆ.

ಮೊದಲು ಬೆಲ್ಟ್ ಕಳಚಿ ಮೋಟಾರಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ಆಮೇಲೆ ತೊಟ್ಟಿಯ ಕೆಳಗಿನ ದೊಡ್ಡ ಪುಲ್ಲಿ. ಅದೂ ತಿರುಗಿತು, ಸ್ವಲ್ಪ ಕರಕರ ಅಂದುಕೊಂಡು. ಇಷ್ಟಕ್ಕೇ ಅರ್ಧ ಉತ್ತರ ಸಿಕ್ಕಿತು. ಪುಲ್ಲಿ ಬಿಗಿಯಾಗಿದ್ದರೆ ಬೇರಿಂಗ್ ಹಿಡಿದಿದೆ, ಇಲ್ಲ ಒಳಗೆ ಕರವಸ್ತ್ರ ಸಿಕ್ಕಿದೆ. ಎರಡೂ ಸಡಿಲವಾಗಿ ತಿರುಗಿಯೂ ಮೋಟಾರ್ ಏಳದಿದ್ದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ.

ಕಂಡೆನ್ಸರ್ ಮಾಡುವ ಕೆಲಸ ಏನು? ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ. ಗೂಟ ಹಿಡಿದು ಸುಮ್ನೆ ಎದುರಿಗೆ ತಳ್ಳಿ ಎಳೆದರೆ ಕಲ್ಲು ನಡುಗುತ್ತದೆಯೇ ಹೊರತು ಸುತ್ತುವುದಿಲ್ಲ. ಪಕ್ಕದಲ್ಲಿ ಕೂತವರು ಒಂದು ಗಳಿಗೆ ತಡವಾಗಿ ತಮ್ಮ ಕಡೆಗೆ ಎಳೆದರೆ ಸುತ್ತು ಶುರುವಾಗುತ್ತದೆ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ ಆ ತಳ್ಳಿ ಎಳೆಯುವ ಒಂದು ಕೈ. ಮೋಟಾರಿನೊಳಗೆ ಎರಡು ಸುರುಳಿ ಇರುತ್ತವೆ. ಎರಡನೇ ಸುರುಳಿಯ ಕರೆಂಟ್ ಮೊದಲನೆಯದರ ಜೊತೆಗೇ ಬರದಂತೆ ಸಮಯ ಸ್ವಲ್ಪ ಸರಿಸಿ ಆ ಎರಡನೇ ಕೈ ಕೊಡುವುದು ಕಂಡೆನ್ಸರ್. ಅದು ಸೊರಗಿದರೆ ಉಳಿಯುವುದು ನಡುಕ ಮಾತ್ರ. ಅದೇ ಗುಂಯ್.

ಒಗೆಯುವ ಮೋಟಾರಿನಲ್ಲಿ ಇನ್ನೊಂದು ಜಾಣತನ ಇದೆ. ತೊಟ್ಟಿಯ ತಳದ ಚಕ್ರ ಕಡಗೋಲಿನಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಬೇಕು. ಅದಕ್ಕೇ ಇದರ ಎರಡು ಸುರುಳಿಗಳೂ ಒಂದೇ ಥರ. ಟೈಮರ್ ಕಂಡೆನ್ಸರನ್ನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಜೋಡಿಸುತ್ತದೆ, ದಿಕ್ಕು ಬದಲಾಗುತ್ತದೆ. ಪರೀಕ್ಷೆಗೂ ಇದು ಅನುಕೂಲ. ಮೋಟಾರಿನ ಮೂರು ವೈರ್‌ಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್, ಅಂದರೆ ಕರೆಂಟಿಗೆ ಸುರುಳಿ ಒಡ್ಡುವ ತಡೆ, ನೋಡಿ. ಎರಡು ಅಳತೆ ಹೆಚ್ಚುಕಡಿಮೆ ಒಂದೇ, ಮೂರನೆಯದು ಅದರ ಎರಡರಷ್ಟು ಬಂದರೆ ಸುರುಳಿಗಳು ತುಂಡಾಗಿಲ್ಲ ಅಂತ ಅರ್ಥ. ಡ್ರೈಯರ್ ಮೋಟಾರ್ ಒಂದೇ ದಿಕ್ಕಿಗೆ ಓಡುವುದು. ಅಲ್ಲಿ ಎರಡು ಸುರುಳಿ ಬೇರೆ ಬೇರೆ ಅಳತೆ ತೋರಿಸಿದರೆ ಗಾಬರಿಯಾಗಬೇಡಿ.

ಟೀಚರ್ ಮಷಿನ್‌ನ ಕಂಡೆನ್ಸರ್ ಮೇಲೆ 10 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಅದು ಕಂಡೆನ್ಸರ್ ಸಾಮರ್ಥ್ಯದ ಅಳತೆ. ಮೀಟರ್ ತೋರಿಸಿದ್ದು 6. ನೂರಿನ್ನೂರು ರೂಪಾಯಿಯ ಸಾಮಾನು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟ್ ಇರುವ ಹೊಸದನ್ನು ಹಾಕಬೇಕು. ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತದೆ ಅನ್ನುವವರ ಮಾತು ಕೇಳಬೇಡಿ, ಸುರುಳಿ ಕಾಯುತ್ತದೆ. ಇನ್ನೊಂದು ಮಾತು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಕರೆಂಟ್ ಉಳಿದಿರಬಹುದು. ಎರಡು ವೈರ್ ಜೋಡಿಸಿದ ಹಳೇ ತಂತಿ ಬಲ್ಬನ್ನು ಅದರ ಎರಡು ತುದಿಗೆ ಕೆಲವು ಸೆಕೆಂಡ್ ಮುಟ್ಟಿಸಿ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವುದು ನಮ್ಮ ಕಸುಬಿನವರ ಹಳೇ ಚಾಳಿ. ನಾನೂ ಮಾಡಿದ್ದೆ, ಈಗ ಬಿಟ್ಟಿದ್ದೇನೆ.

ಕಂಡೆನ್ಸರ್ ಬದಲಾಯಿಸುವ ಮುಂಚೆ ವೋಲ್ಟೇಜ್ ಒಮ್ಮೆ ನೋಡಿ. ಮಂಡ್ಯ ಕಡೆ ಹಳ್ಳಿಗಳಿಂದ "ಬೆಳಿಗ್ಗೆ ಓಡುತ್ತೆ, ಸಂಜೆ ಗುಂಯ್ ಅನ್ನುತ್ತೆ" ಅಂತ ದೂರು ಬರುವುದುಂಟು. ಲೈನಿನ ಮೇಲೆ ಲೋಡ್ ಬಿದ್ದಾಗ 230 ಇರಬೇಕಾದ್ದು 180ಕ್ಕೆ ಇಳಿದರೆ, ಮೋಟಾರಿನ ಬಲ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 100 ಇದ್ದದ್ದು ಸುಮಾರು 61. ಒದ್ದೆ ಬೆಡ್‌ಶೀಟ್ ತುಂಬಿದ ತೊಟ್ಟಿಯನ್ನು ಅಷ್ಟರಲ್ಲಿ ತಿರುಗಿಸುವುದು ಕಷ್ಟ. ಅಲ್ಲಿ ರಿಪೇರಿ ಬೇಡ, ಬೆಳಿಗ್ಗೆ ಬಟ್ಟೆ ಹಾಕಿದರೆ ಸಾಕು.

ಸರಿ, ಹೊಸ ಕಂಡೆನ್ಸರ್ ಹಾಕಿದೆ, ಮಷಿನ್ ತಿರುಗಿತು. ಟೀಚರ್ ಪರ್ಸ್ ತೆಗೆದರು. "ಇರಿ ಮೇಡಂ, ಇನ್ನೂ ಮುಗಿದಿಲ್ಲ" ಅಂದೆ. "ತಿರುಗ್ತಿದೆಯಲ್ಲಪ್ಪಾ?" ಅಂದರು.

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ನಾನೂ ದುಡ್ಡು ಇಸ್ಕೊಂಡು ಹೊರಡುತ್ತಿದ್ದೆ. ಆಗ ಮಂಡ್ಯದ ಗುತ್ತಲು ರಸ್ತೆಯ ಮನೆಯೊಂದರಲ್ಲಿ ಡ್ರೈಯರ್ ಮೋಟಾರ್ ನಿಜವಾಗಿಯೂ ಸುಟ್ಟಿತ್ತು. ಹೊಸದು ಹಾಕಿ ಬಂದೆ. ನಾಲ್ಕೇ ತಿಂಗಳಿಗೆ ಅದೂ ಹೋಯಿತು. ಬಿಚ್ಚಿ ನೋಡಿದರೆ ಮೋಟಾರಿನ ತಲೆಯ ಮೇಲೆ ಬಿಳೀ ಸೋಪಿನ ಗೆರೆಗಳು, ವಿಭೂತಿ ಬಳಿದ ಹಾಗೆ. ಮೇಲಿನ ಸೀಲ್ ಹರಿದು ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಸಲವೇ ಆ ಗೆರೆ ಅಲ್ಲಿದ್ದಿರಬೇಕು, ನಾನು ನೋಡಿರಲಿಲ್ಲ. ಎರಡನೇ ಮೋಟಾರ್ ನನ್ನ ಖರ್ಚು. ಅವತ್ತಿನಿಂದ ಹಳೇ ಮಷಿನ್ ಬಿಚ್ಚಿದರೆ ಕರೆಂಟಿನ ದಾರಿಯ ಜೊತೆಗೆ ನೀರಿನ ದಾರಿಯನ್ನೂ ಹುಡುಕದೆ ಮುಚ್ಚುವುದಿಲ್ಲ.

ನೀರು ಗುರುತು ಬಿಡದೆ ಹೋಗುವುದಿಲ್ಲ. ಒಗೆಯುವ ಕಡೆ ಚಕ್ರದ ಶಾಫ್ಟಿಗೆ ಆಯಿಲ್ ಸೀಲ್, ಅಂದರೆ ನೀರು ಕೆಳಗಿಳಿಯದಂತೆ ತಡೆಯುವ ರಬ್ಬರ್ ಬಳೆ, ಇರುತ್ತದೆ. ಮರಳು, ಮಣ್ಣು ಉಜ್ಜಿ ಅದರ ತುಟಿ ಸವೆದರೆ ನೀರು ಪುಲ್ಲಿಗೆ ಇಳಿಯುತ್ತದೆ. ಪುಲ್ಲಿ ಅದನ್ನು ಸುತ್ತಲೂ ಎರಚುತ್ತದೆ. ಕ್ಯಾಬಿನೆಟ್ಟಿನ ಒಳಗೋಡೆಯಲ್ಲಿ ಪುಲ್ಲಿಯ ಎತ್ತರಕ್ಕೇ ಅಡ್ಡವಾಗಿ ತುಕ್ಕಿನ ಪಟ್ಟಿ ಕಂಡರೆ ಸೀಲ್ ಹೋಗಿದೆ ಅಂತಲೇ ತಿಳಿಯಿರಿ. ಟೀಚರ್ ಮಷಿನ್‌ನಲ್ಲಿ ಆ ಪಟ್ಟಿ ತೆಳ್ಳಗೆ ಇತ್ತು. ಕರಕರ ಸದ್ದಿಗೂ ಅದೇ ಕಾರಣ.

ಡ್ರೈಯರ್ ಕಡೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಇರುವ ಒಂದು ರಬ್ಬರ್ ಸೀಲ್. ಡ್ರೈಯರ್ ತೊಟ್ಟಿಗೆ ಬೆಲ್ಟ್ ಇಲ್ಲ, ನೇರ ಮೋಟಾರಿನ ಮೇಲೇ ಕೂತಿರುತ್ತದೆ. ನಿಮಿಷಕ್ಕೆ 1300 ಸುತ್ತಿನ ಆಸುಪಾಸು ಓಡುತ್ತದೆ. ಹಾಗಾಗಿ ಸೀಲ್ ಬಿಟ್ಟರೆ ನೀರು ಸೀದಾ ಮೋಟಾರ್ ತಲೆಗೆ. ಸೀಲ್ ಬೇಗ ಹಾಳಾಗುವುದಕ್ಕೆ ಡ್ರೈನ್ ಕಟ್ಟಿಕೊಳ್ಳುವುದೂ ಒಂದು ಕಾರಣ. ಹಿಂಡಿದ ನೀರು ಹೊರಗೆ ಹೋಗದೆ ನಿಂತರೆ ಸೀಲ್ ಯಾವಾಗಲೂ ಮುಳುಗಿಯೇ ಇರುತ್ತದೆ. ಡ್ರೈನ್ ಪೆಟ್ಟಿಗೆ ಬಿಚ್ಚಿ ನಾರು, ಕೂದಲು ತೆಗೆಯುವುದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಟೀಚರ್ ಮನೆಯ ಪೆಟ್ಟಿಗೆಯಲ್ಲಿ ಎರಡು ಪಿನ್ನು, ಮೂರು ಗುಂಡಿ, ಒಂದು 25 ಪೈಸೆ ಸಿಕ್ಕವು. ಆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು. ಎಷ್ಟು ವರ್ಷದಿಂದ ಅಲ್ಲಿತ್ತೋ!

ಸೋರುವ ಜಾಗ ಗೊತ್ತಾಗದಿದ್ದರೆ ಒಂದು ಸುಲಭ ಉಪಾಯ ಇದೆ. ಒಂದು ತೊಟ್ಟಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ನೀಲಿ ಚುಕ್ಕೆ ಎಲ್ಲಿದೆ ನೋಡಿ, ಅದರ ನೇರ ಮೇಲೆ ಹುಡುಕಿ.

ಎರಡೂ ಸೀಲ್ ಬದಲಾಯಿಸಿದೆ. ಬೆಲ್ಟ್ ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ, ಮೇಲೆ ನಂಬರ್ ಅಳಿಸಿದ್ದರೂ ಅಳತೆಗೆ ಸಿಗುತ್ತದೆ. ಹಾಕಿದ ಮೇಲೆ ನಡುವೆ ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್ ತಗ್ಗಬೇಕು. ಬಿಗಿ ಜಾಸ್ತಿಯಾದರೆ ಬೇರಿಂಗ್ ತಿನ್ನುತ್ತದೆ. ತುಕ್ಕು ಹಿಡಿದ ಕಾಲುಗಳನ್ನು ಉಜ್ಜಿ ರೆಡ್ ಆಕ್ಸೈಡ್ ಹೊಡೆದೆ. ಹಳದಿಯಾದ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡಿಕೊಡಿ ಅಂತ ಕೆಲವರು ಕೇಳುತ್ತಾರೆ. ನಾನು ಮಾಡುವುದಿಲ್ಲ. ವಯಸ್ಸು ಕಾಣಲಿ ಬಿಡಿ.

ಡ್ರೈಯರ್ ಮುಚ್ಚಳದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಮುಚ್ಚಳ ತೆಗೆದರೆ ಕರೆಂಟ್ ಕಡಿದು ಬ್ರೇಕ್ ಹಿಡಿಯಬೇಕು. ಹಳೇ ಮಷಿನ್‌ಗಳಲ್ಲಿ ಆ ಸ್ವಿಚ್ ಕೈಕೊಟ್ಟಾಗ ಯಾರೋ ಎರಡು ವೈರ್ ಸೇರಿಸಿ ಸುತ್ತಿರುತ್ತಾರೆ. ತಿರುಗುವ ತೊಟ್ಟಿಗೆ ಕೈ ಹಾಕಿದರೆ ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡು ಎಳೆಯುತ್ತದೆ. ಅಂಥ ಮಷಿನ್ ಬಂದರೆ ಸ್ವಿಚ್ ಸರಿಮಾಡದೆ ವಾಪಸ್ ಕಳಿಸುವುದಿಲ್ಲ. ಹಾಗೆಯೇ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಹಳೇ ಬಡಾವಣೆಗಳ ಎಷ್ಟೋ ಮನೆಯಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ.

ಹೊರಡುವಾಗ ಮಷಿನ್ ಕೆಳಗೆ ಹೊಸದಾಗಿ ಒಂದು ಪೇಪರ್ ಹಾಸಿದೆ. "ಎಂಟು ದಿನ ಇದನ್ನ ಮುಟ್ಟಬೇಡಿ ಮೇಡಂ. ಹನಿ ಬಿದ್ರೆ ಫೋನ್ ಮಾಡಿ" ಅಂತ ಹೇಳಿ ಬಂದೆ. ಒಂಬತ್ತನೇ ದಿನ ಬೆಳಿಗ್ಗೆ ಫೋನ್ ಬಂತು. ಎದೆ ಸ್ವಲ್ಪ ಧಸಕ್ ಅಂತು.

"ಪೇಪರ್ ಒಣಗೇ ಇದೆಯಪ್ಪಾ. ಅವತ್ತಿನ ಪದಬಂಧ ಅದರಲ್ಲೇ ಹೋಗಿದೆ. ಈಗ ತೊಗೋಬಹುದಾ?"