ಐರನ್ ಫಿಸ್ಟ್ ಎಂಬ ಪಟ್ಟ

ಮಾರ್ವೆಲ್ ಕಾಮಿಕ್ಸ್ ಓದುವವರನ್ನು ‘ಐರನ್ ಫಿಸ್ಟ್ ಅಂದ್ರೆ ಯಾರು?’ ಅಂತ ಕೇಳಿ ನೋಡಿ. ಹೆಚ್ಚಿನವರು ಡ್ಯಾನಿ ರ‍್ಯಾಂಡ್ ಅನ್ನುತ್ತಾರೆ. ಹಸಿರು ಉಡುಪು, ಹಳದಿ ಮುಖವಾಡ, ಎದೆಯ ಮೇಲೆ ಕಪ್ಪು ಡ್ರ್ಯಾಗನ್ ಗುರುತು, ಬೆಂಕಿಯಂತೆ ಹೊಳೆಯುವ ಮುಷ್ಟಿ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಐರನ್ ಫಿಸ್ಟ್ ಒಬ್ಬ ಮನುಷ್ಯನ ಹೆಸರಲ್ಲ, ಅದೊಂದು ಪಟ್ಟ. ಒಬ್ಬರು ಏರುತ್ತಾರೆ, ಇಳಿಯುತ್ತಾರೆ, ಇನ್ನೊಬ್ಬರು ಬರುತ್ತಾರೆ. ಡ್ಯಾನಿ ಆ ಸಾಲಿನಲ್ಲಿ ಒಬ್ಬ, ಅಷ್ಟೆ. ಈ ಪಾತ್ರವನ್ನು ಬರೆದವರಿಗೇ ಇದು ಹೊಳೆಯೋಕೆ 30 ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಹೊಳೆದ ಮೇಲೆ ಕಥೆಯ ರೂಪವೇ ಬದಲಾಯಿತು.

ಮೊದಲು ಮೂಲ ಕಥೆ. ಡ್ಯಾನಿಗೆ ಒಂಬತ್ತು ವರ್ಷ. ಅಪ್ಪ ವೆಂಡೆಲ್ ರ‍್ಯಾಂಡ್ ಅಮೆರಿಕದ ದೊಡ್ಡ ಉದ್ಯಮಿ. ಹಿಮದ ಬೆಟ್ಟಗಳ ನಡುವೆ ಎಲ್ಲೋ ಇರುವ ಕುನ್ ಲುನ್ ಎಂಬ ನಗರ ಹುಡುಕಿಕೊಂಡು ಹೆಂಡತಿ, ಮಗ ಮತ್ತು ವ್ಯಾಪಾರದ ಪಾಲುದಾರ ಹೆರಾಲ್ಡ್ ಮೀಚಮ್ ಜೊತೆ ಹೊರಡುತ್ತಾನೆ. ಆ ನಗರ ಭೂಮಿಯ ಮೇಲೆ ಕಾಣಿಸುವುದು ಹತ್ತು ವರ್ಷಕ್ಕೊಮ್ಮೆ ಮಾತ್ರ. ದಾರಿಯಲ್ಲಿ ಮೀಚಮ್ ದ್ರೋಹ ಬಗೆದು ವೆಂಡೆಲ್‌ನನ್ನು ಪ್ರಪಾತಕ್ಕೆ ಬೀಳಿಸುತ್ತಾನೆ. ತಾಯಿ ಹೀದರ್ ಮಗನ ಕೈ ಹಿಡಿದು ಹಿಮದಲ್ಲಿ ಓಡುತ್ತಾಳೆ. ಬೆನ್ನಿಗೆ ತೋಳಗಳು ಬೀಳುತ್ತವೆ. ಎದುರಿಗೆ ಒಂದು ಸೇತುವೆ. ಮಗ ದಾಟಲಿ ಅಂತ ಅವಳು ತೋಳಗಳಿಗೆ ತಾನೇ ಅಡ್ಡ ನಿಲ್ಲುತ್ತಾಳೆ. ಅನಾಥನಾದ ಹುಡುಗನನ್ನು ಕುನ್ ಲುನ್ ಜನ ಒಳಗೆ ಕರೆದುಕೊಳ್ಳುತ್ತಾರೆ. ಲೇ ಕುಂಗ್ ಎಂಬ ಗುರು ಹತ್ತು ವರ್ಷ ಯುದ್ಧವಿದ್ಯೆ ಕಲಿಸುತ್ತಾನೆ. ಹುಡುಗನ ತಲೆಯಲ್ಲಿ ಇರುವುದು ಒಂದೇ ಯೋಚನೆ: ಮೀಚಮ್‌ನನ್ನು ಕೊಲ್ಲಬೇಕು.

ಪಟ್ಟ ಸಿಗುವುದು ಕಡೆಯ ಪರೀಕ್ಷೆಯಲ್ಲಿ. ಶೌ ಲಾವೊ ಎಂಬ ಡ್ರ್ಯಾಗನ್ ಜೊತೆ ಹೋರಾಡಬೇಕು. ಅದಕ್ಕೆ ಸಾವಿಲ್ಲ, ಏಕೆಂದರೆ ಅದರ ಹೃದಯ ಮೈಯಲ್ಲೇ ಇಲ್ಲ. ಗುಹೆಯೊಳಗೆ ಒಂದು ದೊಡ್ಡ ಪಾತ್ರೆಯಲ್ಲಿ ಕರಗಿದ ಲೋಹದಂತೆ ಕುದಿಯುತ್ತಾ ಇದೆ. ಡ್ರ್ಯಾಗನ್‌ನ ಎದೆಯ ಮೇಲೆ ಒಂದು ಗಾಯದ ಗುರುತಿದೆ. ಹೃದಯದ ಶಕ್ತಿ ಮೈಗೆ ಹರಿದು ಬರುವುದು ಆ ಗುರುತಿನ ಮೂಲಕ. ಡ್ಯಾನಿಗೆ ಇದು ಗೊತ್ತಾಗುತ್ತದೆ. ಓಡಿ ಹೋಗಿ ಆ ಗುರುತಿಗೆ ತನ್ನ ಎದೆಯನ್ನೇ ಒತ್ತಿ, ಡ್ರ್ಯಾಗನ್ ಸೋತು ಬೀಳುವವರೆಗೂ ತಬ್ಬಿ ಹಿಡಿಯುತ್ತಾನೆ. ಅವನ ಎದೆಯ ಚರ್ಮ ಸುಟ್ಟು, ಅದೇ ಆಕಾರ ಅಚ್ಚೊತ್ತುತ್ತದೆ. ಆಮೇಲೆ ಗುಹೆಗೆ ಹೋಗಿ ಎರಡೂ ಕೈಗಳನ್ನು ಆ ಕುದಿಯುವ ಹೃದಯದೊಳಗೆ ಅದ್ದುತ್ತಾನೆ. ಎದೆಯ ಮೇಲಿನ ಡ್ರ್ಯಾಗನ್ ಹಚ್ಚೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಹಚ್ಚೆಯಲ್ಲ, ಸುಟ್ಟ ಗಾಯ.

ಇಲ್ಲಿಂದ ಮುಂದೆ ಅವನ ಶಕ್ತಿ ಕೆಲಸ ಮಾಡುವ ರೀತಿ ಸರಳ. ಮೈಯಲ್ಲಿ ಹರಿಯುವ ಜೀವಶಕ್ತಿಯನ್ನು ಚೀನಾದಲ್ಲಿ ‘ಚಿ’ ಅನ್ನುತ್ತಾರೆ. ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ ಆ ಚಿಯನ್ನೆಲ್ಲ ಮುಷ್ಟಿಗೆ ತಂದರೆ ಮುಷ್ಟಿ ಕಬ್ಬಿಣದಷ್ಟು ಗಟ್ಟಿಯಾಗುತ್ತದೆ. ಆದರೆ ಇದಕ್ಕೆ ಬೆಲೆ ಇದೆ. ಮೊದಮೊದಲ ಕಥೆಗಳಲ್ಲಿ ಒಂದು ಏಟು ಕೊಟ್ಟ ಮೇಲೆ ಡ್ಯಾನಿ ಸುಸ್ತಾಗಿ ಕುಸಿಯುತ್ತಾನೆ. ಹಾಗಾಗಿ ಆ ಏಟನ್ನು ಯಾವಾಗ ಕೊಡಬೇಕು ಅನ್ನುವುದೇ ಪ್ರತಿ ಕಾಳಗದ ಪ್ರಶ್ನೆ. ಉಳಿದ ಹೊತ್ತೆಲ್ಲ ಅವನು ತಾನು ಕಲಿತ ವಿದ್ಯೆಯ ಬಲದಲ್ಲೇ ಹೋರಾಡಬೇಕು. ಈ ಮಿತಿ ನನಗೆ ತುಂಬಾ ಇಷ್ಟ. ಮುಂದಿನ ಕೆಲವು ಕಥೆಗಾರರು ಇದನ್ನು ಸಡಿಲಿಸಿ, ಬೇಕಾದಾಗಲೆಲ್ಲ ಮುಷ್ಟಿ ಹೊಳೆಯುವ ಹಾಗೆ ಬರೆದರು. ಅಲ್ಲೆಲ್ಲ ಹೊಡೆದಾಟದ ಬಿಗಿ ಹೋಯಿತು.

ಈ ಪಾತ್ರ ಹುಟ್ಟಿದ ಕಾಲ ನೋಡಿದರೆ ಇದು ಏಕೆ ಹುಟ್ಟಿತು ಅಂತ ಅರ್ಥವಾಗುತ್ತದೆ. 1972ರಲ್ಲಿ ಅಮೆರಿಕದ ಟಿವಿಯಲ್ಲಿ ‘ಕುಂಗ್ ಫು’ ಧಾರಾವಾಹಿ ಶುರುವಾಯಿತು. 1973ರಲ್ಲಿ ಹಾಂಗ್ ಕಾಂಗ್ ಸಿನಿಮಾಗಳು ಅಲ್ಲಿನ ಥಿಯೇಟರ್‌ಗಳಿಗೆ ಒಂದರ ಹಿಂದೆ ಒಂದು ಬಂದವು. ಅದೇ ವರ್ಷ ಜುಲೈನಲ್ಲಿ ಬ್ರೂಸ್ ಲೀ ತೀರಿಕೊಂಡರು. ‘ಎಂಟರ್ ದ ಡ್ರ್ಯಾಗನ್’ ಅಮೆರಿಕದಲ್ಲಿ ತೆರೆಕಂಡಿದ್ದು ಅದರ ಮುಂದಿನ ತಿಂಗಳು. ಕುಂಗ್ ಫು ಹುಚ್ಚು ಎಲ್ಲ ಕಡೆ ಹಬ್ಬಿತ್ತು. ಮಾರ್ವೆಲ್ ಆ ವರ್ಷದ ಕೊನೆಗೆ ಶಾಂಗ್ ಚಿ ಎಂಬ ಚೀನೀ ವೀರನನ್ನು ತಂದಿತು. ಅದರ ಬೆನ್ನಲ್ಲೇ, 1974ರ ಮೇ ತಿಂಗಳ ‘ಮಾರ್ವೆಲ್ ಪ್ರೀಮಿಯರ್’ 15ನೇ ಸಂಚಿಕೆಯಲ್ಲಿ ಐರನ್ ಫಿಸ್ಟ್ ಬಂದ. ಕಥೆ ರಾಯ್ ಥಾಮಸ್ ಅವರದು, ಚಿತ್ರ ಗಿಲ್ ಕೇನ್ ಅವರದು.

ಥಾಮಸ್ ತಾವು ನೋಡಿದ ಮೊದಲ ಕುಂಗ್ ಫು ಸಿನಿಮಾದಿಂದ ಈ ಹೆಸರು ತೆಗೆದುಕೊಂಡರು. ಅದು ಶಾ ಬ್ರದರ್ಸ್ ಕಂಪನಿಯ ‘ಕಿಂಗ್ ಬಾಕ್ಸರ್’. ಅಮೆರಿಕದಲ್ಲಿ ‘ಫೈವ್ ಫಿಂಗರ್ಸ್ ಆಫ್ ಡೆತ್’ ಎಂಬ ಹೆಸರಿನಲ್ಲಿ ಓಡಿತು. ಅದರಲ್ಲಿ ನಟ ಲೋ ಲಿಯೆ ಮಾಡಿದ ನಾಯಕ ಗುಟ್ಟಿನ ವಿದ್ಯೆಯೊಂದನ್ನು ಕಲಿಯುತ್ತಾನೆ. ಅದನ್ನು ಪ್ರಯೋಗಿಸುವಾಗ ಅವನ ಅಂಗೈ ಕೆಂಪಗೆ ಹೊಳೆಯುತ್ತದೆ. ಐರನ್ ಫಿಸ್ಟ್‌ನ ಹೊಳೆಯುವ ಮುಷ್ಟಿಗೆ ಇದೇ ತವರು.

ಇನ್ನೊಂದು ಮೂಲ ಇನ್ನೂ ಹಳೆಯದು. 1939ರಲ್ಲಿ ಬಿಲ್ ಎವರೆಟ್ ‘ಅಮೇಜಿಂಗ್ ಮ್ಯಾನ್’ ಎಂಬ ಪಾತ್ರ ಮಾಡಿದ್ದರು. ಟಿಬೆಟ್‌ನಲ್ಲಿ ಏಳು ಮಂದಿಯ ಮಂಡಳಿಯೊಂದು ಜಾನ್ ಅಮಾನ್ ಎಂಬ ಅನಾಥನನ್ನು ಸಾಕಿ, ಪರೀಕ್ಷೆಗಳಿಗೆ ಒಡ್ಡಿ, ಹೊರಲೋಕಕ್ಕೆ ಕಳಿಸುತ್ತದೆ. ಡ್ಯಾನಿಯ ಕಥೆಯ ಎಲುಬು ಇಲ್ಲಿಯೇ ಇದೆ, ಅಲ್ವಾ? ಥಾಮಸ್ ಮತ್ತು ಕೇನ್ ಇದನ್ನು ಮುಚ್ಚಿಡಲಿಲ್ಲ. ಇನ್ನು ಕುನ್ ಲುನ್ ಎಂಬ ಹೆಸರು ಬಂದದ್ದು ಟಿಬೆಟ್‌ನ ಉತ್ತರ ಅಂಚಿನ ಕುನ್ಲುನ್ ಪರ್ವತಗಳಿಂದ. ಚೀನಾದ ಪುರಾಣಗಳಲ್ಲಿ ಅದು ದೇವತೆಗಳ ಬೀಡು.

ಆ ಮೊದಲ ಸಂಚಿಕೆಗಳನ್ನು ಈಗ ಓದಿದರೆ ಥಟ್ಟನೆ ಕಣ್ಣಿಗೆ ಬೀಳುವುದು ನಿರೂಪಣೆ. ಕಥೆ ಹೇಳುವವನು ‘ಅವನು’ ಅನ್ನುವುದಿಲ್ಲ, ‘ನೀನು’ ಅನ್ನುತ್ತಾನೆ. ನೀನು ಐರನ್ ಫಿಸ್ಟ್, ನೀನು ಹೊಡೆಯುತ್ತೀಯ, ನಿನ್ನ ಮೈ ನೋಯುತ್ತಿದೆ, ಹೀಗೆ. ಮೊದಲ ಪುಟಗಳಲ್ಲಿ ಕೊಂಚ ವಿಚಿತ್ರ ಅನ್ನಿಸುತ್ತದೆ. ಒಂದೆರಡು ಸಂಚಿಕೆ ಕಳೆದ ಮೇಲೆ ಮುಖವಾಡದ ಒಳಗೆ ನಾವೇ ಇದ್ದಂತೆ ಆಗುತ್ತದೆ.

ಸೇಡಿನ ಕಥೆ ಮುಗಿಯುವ ರೀತಿಯಂತೂ ಆ ಕಾಲದ ಕಾಮಿಕ್ಸ್‌ಗಳಲ್ಲಿ ಅಪರೂಪದ್ದು. ಹತ್ತೊಂಬತ್ತು ವರ್ಷದ ಡ್ಯಾನಿ ನ್ಯೂಯಾರ್ಕ್‌ಗೆ ಬಂದು, ಒಂದು ಕಟ್ಟಡದ ತುಂಬಾ ಹೂಡಿದ ಬಲೆಗಳನ್ನೆಲ್ಲ ದಾಟಿ ಮೀಚಮ್ ಎದುರು ನಿಲ್ಲುತ್ತಾನೆ. ಅಲ್ಲಿ ಕೂತಿರುವುದು ಎರಡೂ ಕಾಲು ಕಳೆದುಕೊಂಡ ಮನುಷ್ಯ. ಅದೇ ಹಿಮದಲ್ಲಿ ಸಿಕ್ಕಿಕೊಂಡು ಅವನ ಕಾಲುಗಳು ಕೊಳೆತಿದ್ದವು, ಕತ್ತರಿಸಬೇಕಾಯಿತು. ಹುಡುಗ ಯಾವಾಗ ಬಂದು ಕೊಲ್ಲುತ್ತಾನೋ ಅಂತ ಹೆದರಿಕೊಂಡೇ ವರ್ಷಗಳನ್ನು ದೂಡಿದ್ದಾನೆ. ಡ್ಯಾನಿಗೆ ಕೈ ಎತ್ತಲು ಮನಸ್ಸಾಗುವುದಿಲ್ಲ. ತಿರುಗಿ ಹೊರಡುತ್ತಾನೆ. ಅಷ್ಟರಲ್ಲಿ ಒಬ್ಬ ನಿಂಜಾ ಮೀಚಮ್‌ನನ್ನು ಕೊಲ್ಲುತ್ತಾನೆ, ಆರೋಪ ಡ್ಯಾನಿಯ ತಲೆಗೆ ಬರುತ್ತದೆ. ಹತ್ತು ವರ್ಷ ಬದುಕಿದ್ದೇ ಒಂದು ಕೊಲೆಗಾಗಿ, ಈಗ ಮುಂದೇನು? ಪಾತ್ರಕ್ಕೆ ಜೀವ ಬಂದದ್ದು ಈ ಪ್ರಶ್ನೆಯಿಂದಲೇ ಅಂತ ನನ್ನ ಅನಿಸಿಕೆ.

1975ರಲ್ಲಿ ಅವನ ಹೆಸರಿನದೇ ಪತ್ರಿಕೆ ಶುರುವಾಯಿತು. ಕ್ರಿಸ್ ಕ್ಲೇರ್‌ಮಾಂಟ್ ಕಥೆ, ಜಾನ್ ಬರ್ನ್ ಚಿತ್ರ. ಹದಿನೈದೇ ಸಂಚಿಕೆ ಬಂದವು. ಮಾರ್ವೆಲ್‌ನದೇ ಇನ್ನೊಂದು ಸರಣಿ ಎಕ್ಸ್-ಮೆನ್‌ನ ಓದುಗರಿಗೆಲ್ಲ ಗೊತ್ತಿರುವ ಖಳ ಸೇಬರ್‌ಟೂತ್ ಮೊದಲು ಕಾಣಿಸಿಕೊಂಡದ್ದು ಎಕ್ಸ್-ಮೆನ್‌ನಲ್ಲಿ ಅಲ್ಲ, ಇದರ 14ನೇ ಸಂಚಿಕೆಯಲ್ಲಿ.

ಅಷ್ಟು ಹೊತ್ತಿಗೆ ಕುಂಗ್ ಫು ಅಲೆ ಇಳಿಯುತ್ತಿತ್ತು. ನ್ಯೂಯಾರ್ಕ್‌ನ ಹಾರ್ಲೆಮ್‌ನ ಕಪ್ಪು ವೀರ, ‘ಪವರ್ ಮ್ಯಾನ್’ ಎನಿಸಿಕೊಂಡ ಲ್ಯೂಕ್ ಕೇಜ್‌ನ ಪತ್ರಿಕೆಗೂ ಓದುಗರು ಕಡಿಮೆಯಾಗಿದ್ದರು. ಮಾರ್ವೆಲ್ ಇಬ್ಬರನ್ನೂ ಸೇರಿಸಿತು. 1978ರಿಂದ 1986ರವರೆಗೆ ‘ಪವರ್ ಮ್ಯಾನ್ ಅಂಡ್ ಐರನ್ ಫಿಸ್ಟ್’ ಹೆಸರಿನಲ್ಲಿ ಪತ್ರಿಕೆ ನಡೆಯಿತು. ಇದು ಸುಮ್ನೆ ವ್ಯಾಪಾರಕ್ಕೆ ಕಟ್ಟಿದ ಜೋಡಿ, ಆದರೆ ಗೆಳೆತನ ಮಾತ್ರ ನಿಜವಾಗಿ ಬೇರು ಬಿಟ್ಟಿತು. ಒಬ್ಬ ಮಾಡದ ತಪ್ಪಿಗೆ ಜೈಲು ಕಂಡು ಬಂದವನು, ಗುಂಡು ಹೊಡೆದರೂ ಚರ್ಮ ಸೀಳದು. ಇನ್ನೊಬ್ಬ ಕೋಟ್ಯಧೀಶನ ಮಗ, ಆದರೆ ಲೋಕಜ್ಞಾನವಿಲ್ಲ. ಮುಂದೆ ಲ್ಯೂಕ್ ತನ್ನ ಮಗಳಿಗೆ ಡೇನಿಯೆಲ್ ಅಂತ ಹೆಸರಿಟ್ಟದ್ದು ಈ ಗೆಳೆಯನ ನೆನಪಿಗೇ. ಪತ್ರಿಕೆಯ ಕಡೆಯ ಸಂಚಿಕೆಯಲ್ಲಿ ಡ್ಯಾನಿಯನ್ನು ಸಾಯಿಸಿಬಿಟ್ಟರು. ಕೆಲವು ವರ್ಷದ ನಂತರ ಬರ್ನ್, ಸತ್ತದ್ದು ಗಿಡದಿಂದ ಮಾಡಿದ ನಕಲಿ ಡ್ಯಾನಿ ಎಂದು ಬರೆದು ಅವನನ್ನು ಮರಳಿ ತಂದರು.

ನಿಜವಾದ ತಿರುವು ಬಂದದ್ದು 2006ರ ಕೊನೆಗೆ. ಎಡ್ ಬ್ರೂಬೇಕರ್, ಮ್ಯಾಟ್ ಫ್ರ್ಯಾಕ್ಷನ್ ಮತ್ತು ಚಿತ್ರಕಾರ ಡೇವಿಡ್ ಆಹಾ ‘ದಿ ಇಮ್ಮಾರ್ಟಲ್ ಐರನ್ ಫಿಸ್ಟ್’ ಶುರು ಮಾಡಿದರು. ಅವರು ಕೇಳಿಕೊಂಡದ್ದು ಸರಳ ಪ್ರಶ್ನೆ: ಡ್ರ್ಯಾಗನ್ ಅಷ್ಟು ಹಳೆಯದಾದರೆ, ಡ್ಯಾನಿಗೆ ಮುಂಚೆ ಅದರ ಜೊತೆ ಹೋರಾಡಿದವರು ಯಾರು? ಆ ಪ್ರಶ್ನೆಯಿಂದ ಒಂದು ಇಡೀ ಪರಂಪರೆ ಎದ್ದು ಬಂತು. ಹದಿನಾರನೇ ಶತಮಾನದಲ್ಲಿ ಪಿಂಗ್‌ಹಾಯ್ ಕೊಲ್ಲಿಯ ಕಡಲುಗಳ್ಳರ ರಾಣಿ ವು ಆವೊ ಶಿ ಐರನ್ ಫಿಸ್ಟ್ ಆಗಿದ್ದಳು. ಚಿಯನ್ನು ಮುಷ್ಟಿಗಷ್ಟೇ ತರಬೇಕು ಅಂತ ಎಲ್ಲಿದೆ? ಅವಳು ಅದನ್ನು ಬಿಲ್ಲು ಬಾಣಕ್ಕೆ ಹರಿಸುತ್ತಿದ್ದಳು.

ಡ್ಯಾನಿಗಿಂತ ಹಿಂದಿನವನು ಆರ್ಸನ್ ರ‍್ಯಾಂಡಲ್. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿ ಮನಸ್ಸು ಒಡೆದುಕೊಂಡವನು. ಇನ್ನು ಯಾರಿಗಾಗಿಯೂ ಕೊಲ್ಲುವುದಿಲ್ಲ ಅಂತ ಪಟ್ಟದ ಕರ್ತವ್ಯ ಬಿಟ್ಟು ಓಡಿಹೋಗಿ, ಕುನ್ ಲುನ್‌ನವರಿಗೆ ಸುಳಿವು ಸಿಗದಂತೆ ಅಫೀಮಿನ ಮಬ್ಬಿನಲ್ಲಿ ಬದುಕುತ್ತಾನೆ. ಮುದುಕ ಆರ್ಸನ್ ಮತ್ತು ಯುವಕ ಡ್ಯಾನಿ ಮುಖಾಮುಖಿಯಾದಾಗ ಡ್ಯಾನಿಗೆ ಮೊದಲ ಸಲ ಗೊತ್ತಾಗುತ್ತದೆ, ತಾನು ಹೊತ್ತಿರುವುದು ಎಷ್ಟು ಜನರ ಭಾರ ಅಂತ.

ಅದೇ ಸರಣಿಯಲ್ಲಿ ಕುನ್ ಲುನ್ ಕೂಡ ಒಂಟಿ ನಗರವಲ್ಲ, ಏಳು ಸ್ವರ್ಗನಗರಗಳಲ್ಲಿ ಒಂದು ಅಂತ ತಿಳಿಯಿತು. ಒಂದೊಂದಕ್ಕೂ ಒಬ್ಬೊಬ್ಬ ವೀರ. 88 ವರ್ಷಕ್ಕೊಮ್ಮೆ ಅವರೆಲ್ಲ ಅಖಾಡಕ್ಕೆ ಇಳಿಯುತ್ತಾರೆ. ಆ ವೀರರಲ್ಲಿ ಒಬ್ಬ ‘ಪ್ರಿನ್ಸ್ ಆಫ್ ಆರ್ಫನ್ಸ್’. ಅವನ ನಿಜನಾಮ ಜಾನ್ ಅಮಾನ್. ಹೌದು, 1939ರ ಅದೇ ಅಮೇಜಿಂಗ್ ಮ್ಯಾನ್! ಸಾಲ ಕೊಟ್ಟ ಹಳೆಯ ಪಾತ್ರವನ್ನು ಕಥೆಯೊಳಗೇ ಕರೆದು ಕೂರಿಸಿದ ಈ ಗೌರವ ನನಗೆ ಬಹಳ ಹಿಡಿಸಿತು.

ಈ ಪಾತ್ರದ ಸುತ್ತ ಒಂದು ದೊಡ್ಡ ತಕರಾರಿದೆ, ಅದು ನ್ಯಾಯವಾದದ್ದೇ. ಏಷ್ಯಾದ ನಗರಕ್ಕೆ ಹೊರಗಿನಿಂದ ಬಂದ ಬಿಳಿಯ ಹುಡುಗ, ಅಲ್ಲಿ ಹುಟ್ಟಿ ಬೆಳೆದವರನ್ನೆಲ್ಲ ಮೀರಿಸಿ ಅವರ ಅತಿ ದೊಡ್ಡ ಪಟ್ಟ ಗೆಲ್ಲುತ್ತಾನೆ. ಯಾಕೆ ಯಾವಾಗಲೂ ಹೀಗೇ ಆಗಬೇಕು? ಗುರು ಲೇ ಕುಂಗ್‌ನ ಮಗ ದಾವೋಸ್‌ಗೂ ಇದೇ ಸಿಟ್ಟು. ಕುನ್ ಲುನ್‌ನಲ್ಲೇ ಬೆಳೆದ ಅವನಿಗೆ ಪಟ್ಟ ಸಿಗಲಿಲ್ಲ, ಅವನು ಖಳನಾದ. ಅವನ ದಾರಿ ಕೆಟ್ಟದ್ದು, ಆದರೆ ಅವನ ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂದಾಗ ಈ ಮಾತು ಜೋರಾಯಿತು. ಡ್ಯಾನಿಯ ಪಾತ್ರಕ್ಕೆ ಏಷ್ಯಾ ಮೂಲದ ಅಮೆರಿಕನ್ ನಟ ಬೇಕು ಅಂತ ಹಲವರು ಕೇಳಿದ್ದರು. ಪಾತ್ರ ಸಿಕ್ಕಿದ್ದು ಫಿನ್ ಜೋನ್ಸ್‌ಗೆ. ಎರಡೇ ಸೀಸನ್‌ಗೆ ಸರಣಿ ನಿಂತಿತು. ಎರಡನೆಯದರ ಕೊನೆಗೆ ಮುಷ್ಟಿಯ ಶಕ್ತಿ ಕಾಲೀನ್ ವಿಂಗ್ ಎಂಬ ಹೆಣ್ಣುಮಗಳಿಗೆ ಸಿಗುತ್ತದೆ, ಅವಳ ಕತ್ತಿ ಬೆಳಗುತ್ತದೆ. ಇದು ಒಬ್ಬನ ಹೆಸರಷ್ಟೇ ಆಗಿದ್ದರೆ ಹಾಗೆ ದಾಟಿಸೋಕೆ ಆಗುತ್ತಿತ್ತಾ?

ಕಾಮಿಕ್ಸ್‌ನಲ್ಲೂ ಪಟ್ಟ ಕೈ ಬದಲಾಯಿಸಿತು. 2021ರ ‘ಹಾರ್ಟ್ ಆಫ್ ದ ಡ್ರ್ಯಾಗನ್’ ಕಿರುಸರಣಿಯಲ್ಲಿ ಡ್ಯಾನಿ ಆ ಶಕ್ತಿಯನ್ನು ಬಿಟ್ಟುಕೊಡುತ್ತಾನೆ. ಅದನ್ನು ಬರೆದವರು ಲ್ಯಾರಿ ಹಾಮಾ. ಜಪಾನಿ ಮೂಲದ ಅಮೆರಿಕನ್ ಆದ ಇದೇ ಹಾಮಾ 1974ರಲ್ಲಿ, ಗಿಲ್ ಕೇನ್ ಬಿಟ್ಟ ಮರುಸಂಚಿಕೆಯಿಂದಲೇ ಐರನ್ ಫಿಸ್ಟ್ ಚಿತ್ರ ಬರೆದಿದ್ದರು. ಡ್ಯಾನಿಯ ಮೊದಲ ದಿನಗಳನ್ನು ಬಿಡಿಸಿದ ಕೈಯೇ ಅವನನ್ನು ಪಟ್ಟದಿಂದ ಇಳಿಸಿತು.

2022ರಲ್ಲಿ ಬಂದ ಹೊಸ ಐರನ್ ಫಿಸ್ಟ್ ಚೀನಾದ ಹುಡುಗ ಲಿನ್ ಲಿಯೆ. ಅವನ ಕಥೆ ಬರೆದವರು ಅಲಿಸ್ಸಾ ವಾಂಗ್. ಮುಂಚೆ ‘ಸ್ವೋರ್ಡ್ ಮಾಸ್ಟರ್’ ಅಂತ ಅವನು ಹಿಡಿಯುತ್ತಿದ್ದ ಫು ಶಿ ದೇವತೆಯ ಕತ್ತಿ ಮುರಿದಿದೆ, ಅದರ ಚೂರುಗಳು ಅವನ ಕೈಗಳಲ್ಲಿ ನಾಟಿಕೊಂಡಿವೆ. ಚಿಯನ್ನು ಮುಷ್ಟಿಗೆ ತಂದಾಗಲೆಲ್ಲ ಆ ಚೂರುಗಳು ಒಳಗಿಂದ ಚುಚ್ಚುತ್ತವೆ. ಏಟಿಗೆ ಬೆಲೆ ತೆರಬೇಕು ಎಂಬ ಹಳೆಯ ನಿಯಮ ಹೀಗೆ ಮತ್ತೆ ಬಂತು.

ಓದಲು ಶುರು ಮಾಡುವವರು ನೇರವಾಗಿ 2006ರ ಸರಣಿಗೆ ಹೋಗಿ. ಹಿಂದಿನದು ಗೊತ್ತಿಲ್ಲದಿದ್ದರೂ ಅದು ಅರ್ಥವಾಗುತ್ತದೆ. ರುಚಿ ಹತ್ತಿದ ಮೇಲೆ 1974ರ ಸಂಚಿಕೆಗಳಿಗೆ ಬನ್ನಿ, ಅದರಲ್ಲೂ ಮೀಚಮ್ ಜೊತೆಗಿನ ಮುಖಾಮುಖಿಯನ್ನು ಬಿಡಬೇಡಿ. ಲ್ಯೂಕ್ ಜೊತೆಗಿನ ವರ್ಷಗಳನ್ನು ಎಲ್ಲಿಂದ ಬೇಕಾದರೂ ಓದಬಹುದು. ಲಿನ್ ಲಿಯೆಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.