ಬ್ಯಾಟರಿ ಒಡೆದ ಹಿತ್ತಲಲ್ಲಿ ಮೆಂತ್ಯ ಹಾಕಬಹುದೇ?

ಪ್ರಶ್ನೆ: "ನಮ್ಮ ಓಣ್ಯಾಗ ಒಬ್ಬರು ಹಿತ್ತಲ ಬಾಡಿಗಿ ಹಿಡದು ಎರಡು ವರ್ಷ ಹಳೇ ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿ ಒಡದು ಸೀಸ ಕರಗಸ್ತಿದ್ದರು. ಈಗ ಬಿಟ್ಟು ಹೋಗ್ಯಾರ. ಅಲ್ಲೆ ಮೆಂತ್ಯ, ಗಜ್ಜರಿ ಹಾಕಬಹುದಾ? ಬಾಜೂಕಿನ ಬೋರಿನ ನೀರು ಕುಡೀಬಹುದಾ?" (ವಿಜಯಪುರ ಜಿಲ್ಲೆಯಿಂದ)

ಉತ್ತರ: ಮಣ್ಣಿನ ವರದಿ ಕೈಗೆ ಬರುವ ತನಕ ಮೆಂತ್ಯ, ಗಜ್ಜರಿ ಎರಡೂ ಬೇಡ. ಬೋರಿನ ನೀರು ಕೆಟ್ಟಿರುವ ಸಾಧ್ಯತೆ ಕಡಿಮೆ, ಆದರೂ ಒಮ್ಮೆ ಪರೀಕ್ಷೆ ಮಾಡಿಸಿ. ಇವೆರಡಕ್ಕೂ ಮೊದಲು, ಇವತ್ತೇ, ಆ ಹಿತ್ತಲಿಗೆ ಮಕ್ಕಳು ಹೋಗದಂತೆ ಬೇಲಿ ಹಾಕಿ. ಕೋಳಿ, ಆಡುಗಳನ್ನೂ ಬಿಡಬೇಡಿ.

ಕಾರಣ ಬ್ಯಾಟರಿಯ ಒಳಗಿದೆ. 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿ ಆಸಿಡ್ ಸಮೇತ 50ರಿಂದ 60 ಕಿಲೋ ತೂಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಆದರೆ ಗಟ್ಟಿ ಲೋಹವಾಗಿ ಇರುವುದು ಜಾಲರಿ, ಕಂಬ, ಜೋಡಣೆ ಪಟ್ಟಿಗಳು ಮಾತ್ರ. ಉಳಿದ ಸುಮಾರು ಅರ್ಧ ಸೀಸ ಪ್ಲೇಟಿಗೆ ಮೆತ್ತಿದ ಪೇಸ್ಟಿನಲ್ಲಿರುತ್ತದೆ: ಧನ ಪ್ಲೇಟಿನಲ್ಲಿ ಕಡು ಕಂದು ಸೀಸದ ಡೈಆಕ್ಸೈಡ್, ಋಣ ಪ್ಲೇಟಿನಲ್ಲಿ ಬೂದು ಬಣ್ಣದ, ಸ್ಪಂಜಿನಂಥ ಸೀಸ, ಸತ್ತ ಬ್ಯಾಟರಿಯಾದರೆ ಎರಡರ ಮೇಲೂ ಬಿಳಿಚಿದ ಸೀಸದ ಸಲ್ಫೇಟ್. ಲೋಹದ ಸೀಸ 327 ಡಿಗ್ರಿಗೆ ಕರಗುತ್ತದೆ, ಹಿತ್ತಲ ಒಲೆಯ ಮೇಲಿನ ಕಡಾಯಿಗೆ ಅಷ್ಟು ಸಾಕು. ಪೇಸ್ಟು ಆ ಬಿಸಿಗೆ ಲೋಹವಾಗುವುದಿಲ್ಲ. ಅದಕ್ಕೆ ಸೋಡಾ ಬೂದಿಯಿಂದ ಗಂಧಕ ಬಿಡಿಸಬೇಕು, ಆಮೇಲೆ ಸುಮಾರು 1000 ಡಿಗ್ರಿಯ ಕುಲುಮೆಯಲ್ಲಿ ಇದ್ದಿಲು ಹಾಕಿ ಇಳಿಸಬೇಕು, ಹೊಗೆಗೆ ಚೀಲದ ಸೋಸುಕ ಇರಬೇಕು. ಇದೆಲ್ಲ ಇಲ್ಲದವರು ಪೇಸ್ಟನ್ನೂ ಕಡಾಯಿಯ ಮೇಲೆ ತೇಲಿದ ಕಿಟ್ಟವನ್ನೂ ಗೋಡೆಯ ಬುಡಕ್ಕೆ ಸುರಿದು ಹೋಗುತ್ತಾರೆ. ಹಣದ ಲೆಕ್ಕದಲ್ಲೂ ಅದು ನಷ್ಟ, ನೆಲದ ಲೆಕ್ಕದಲ್ಲಂತೂ ಘೋರ.

ಎಷ್ಟು ಘೋರ ಎಂದರೆ, ಒಂದು ಕಿಲೋ ಒಣ ಪೇಸ್ಟಿನಲ್ಲಿ ಕಡಿಮೆ ಎಂದರೂ 650 ಗ್ರಾಂ ಸೀಸ ಇರುತ್ತದೆ. ಅದು ಒಂದು ಟನ್ ಮಣ್ಣಿಗೆ ಬೆರೆತರೆ ಪ್ರತಿ ಕಿಲೋ ಮಣ್ಣಿಗೆ 650 ಮಿಲಿಗ್ರಾಂ ಸೀಸ ಸೇರಿದಂತೆ. ಮನೆಯಂಗಳದ ಮಣ್ಣಿನಲ್ಲಿ ಎಷ್ಟಿದ್ದರೆ ಎಚ್ಚರ ವಹಿಸಬೇಕು ಎಂಬುದಕ್ಕೆ ಅಮೆರಿಕದ ಪರಿಸರ ಸಂಸ್ಥೆ 1994ರಲ್ಲಿ ಕಿಲೋಗೆ 400 ಮಿಲಿಗ್ರಾಂ ಎಂದಿತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿತು. ಅಂದರೆ ಒಂದು ಕಿಲೋ ಪೇಸ್ಟಿಗೆ ಮೂರು ಟನ್ ಮಣ್ಣು ಕೆಡಿಸುವ ಶಕ್ತಿ ಇದೆ.

ಈಗ ನಿಮ್ಮ ಎರಿ ಮಣ್ಣಿನ ವಿಚಾರ. ಇದರಲ್ಲಿ ಸುಣ್ಣದ ಅಂಶ ಹೆಚ್ಚು, ಜಿಗಟು ಜೇಡಿಯೂ ಹೆಚ್ಚು. ಸೀಸ ಇಂಥ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನೀರಿನ ಜೊತೆ ಆಳಕ್ಕೆ ಇಳಿಯುವುದಿಲ್ಲ. ಬೋರಿನ ಬಗ್ಗೆ ಹೆದರಿಕೆ ಕಡಿಮೆ ಎಂದಿದ್ದು ಅದಕ್ಕೇ. ಖಾನಾಪುರದ ಕಡೆಯ ಹುಳಿ ಕೆಂಪು ಮಣ್ಣಾದರೆ ಅಷ್ಟು ಧೈರ್ಯದಿಂದ ಹೇಳಲಾಗದು. ಎರಿಗೂ ಒಂದು ಗುಣ ಇದೆ: ಬ್ಯಾಸಗಿಯಲ್ಲಿ ಬಿರಿಯುತ್ತದೆ, ಮೇಲಿನ ಪುಡಿ ಬಿರುಕಿನೊಳಗೆ ಬೀಳುತ್ತದೆ, ಮಳೆಗೆ ಬಾಯಿ ಮುಚ್ಚುತ್ತದೆ. ಹೀಗಾಗಿ ಮೇಲಿನ ಮಣ್ಣು ಒಂದನ್ನೇ ನೋಡಿದರೆ ಸಾಲದು. ಆಸಿಡ್ ಸುರಿದ ಗುಂಡಿ ಇದ್ದರೆ ಅಲ್ಲಿಯ ಸುಣ್ಣ ಸವೆದಿರುತ್ತದೆ, ಅದನ್ನು ಬೇರೆಯಾಗಿಯೇ ನೋಡಬೇಕು.

ಮಣ್ಣು ತೆಗೆಯುವ ಮೊದಲು ನೀರು ಚಿಮುಕಿಸಿ, ಧೂಳು ಏಳಬಾರದು. ಮೂಗಿಗೆ ಬಟ್ಟೆ ಸಾಲದು, ಎನ್95 ಮಾಸ್ಕ್ ಹಾಕಿ. ಒಲೆಯಿದ್ದ ಜಾಗ, ಬ್ಯಾಟರಿ ಒಡೆದ ಜಾಗ, ಆಸಿಡ್ ಸುರಿದ ಜಾಗ, ಗೋಡೆಯ ಬುಡ ಮತ್ತು ನೀವು ಕಾಯಿಪಲ್ಲೆ ಹಾಕಬೇಕೆಂದಿರುವ ಮಡಿ, ಇವನ್ನು ಒಂದಕ್ಕೊಂದು ಬೆರೆಸಬೇಡಿ. ಪ್ರತಿ ಜಾಗದಲ್ಲಿ ಎಂಟು-ಹತ್ತು ಕಡೆ ಮೇಲಿನ ಒಂದು ಇಂಚು ಮಣ್ಣು ಕೆರೆದು ಕಲಸಿ ಅರ್ಧ ಕಿಲೋ ತೆಗೆಯಿರಿ. ಆರು ಇಂಚು ಮತ್ತು ಒಂದು ಅಡಿ ಆಳದ್ದನ್ನೂ ಹಾಗೆಯೇ. ದೂರದ ಹೊಲದ ಮಣ್ಣು ಅರ್ಧ ಕಿಲೋ ಹೋಲಿಕೆಗೆ ಇರಲಿ. ಸಾಮಾನ್ಯ ಮಣ್ಣಿನಲ್ಲಿ ಸೀಸ ಕಿಲೋಗೆ ಹತ್ತಾರು ಮಿಲಿಗ್ರಾಂ ಅಷ್ಟೇ ಇರುತ್ತದೆ.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ, ಸತು, ತಾಮ್ರ, ಕಬ್ಬಿಣ ಎಲ್ಲ ಬರುತ್ತವೆ, ಸೀಸ ಇಲ್ಲ. "ಚೀಟಿ ಚಲೋ ಬಂದೈತಿ" ಎಂದು ಬಿತ್ತಿಬಿಡಬೇಡಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಟ್ಟು "ಆಸಿಡ್‌ನಲ್ಲಿ ಕರಗಿಸಿ ಒಟ್ಟು ಸೀಸ" ಎಂದು ಬಾಯಿಬಿಟ್ಟು ಕೇಳಿ. ನೀರಿಗೂ ಇದೇ ಮಾತು: ನಮ್ಮ ಕಡೆ ಬೋರಿನ ನೀರಿಗೆ ಫ್ಲೋರೈಡ್ ಪರೀಕ್ಷೆ ಮಾಡಿಸುವ ರೂಢಿ ಇದೆ, ಆ ವರದಿಯಲ್ಲಿ ಸೀಸ ಇರುವುದಿಲ್ಲ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕುದಿಸಿದರೆ ಸೀಸ ಹೋಗುವುದಿಲ್ಲ. ಹಿತ್ತಲ ಮಳೆನೀರು ಹರಿದು ಬೀಳುವ ತೆರೆದ ಬಾವಿ ಇದ್ದರೆ ಬೋರಿಗಿಂತ ಅದರ ಮೇಲೆ ಹೆಚ್ಚು ಸಂಶಯ ಇರಲಿ.

"ಸಾಸಿವೆ, ಸೂರ್ಯಕಾಂತಿ ಹಾಕಿದರೆ ಸೀಸ ಹೀರುತ್ತದಂತೆ" ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ನೆಲದ ಆರು ಇಂಚು ಮಣ್ಣು ಸುಮಾರು 190 ಕಿಲೋ. ಕಿಲೋಗೆ 2000 ಮಿಲಿಗ್ರಾಂ ಇದ್ದರೆ ಅದರಲ್ಲಿ 380 ಗ್ರಾಂ ಸೀಸ. ಅಲ್ಲಿ ಒಂದು ಕಿಲೋ ಒಣ ಸಾಸಿವೆ ಗಿಡ ಬಂದು, ಅದು ಧಾರಾಳವಾಗಿ 100 ಮಿಲಿಗ್ರಾಂ ಹೀರಿತು ಎಂದುಕೊಂಡರೂ 3800 ಬೆಳೆ ಬೇಕು. ಸುಣ್ಣದ ಮಣ್ಣಿನಲ್ಲಿ ಅಷ್ಟೂ ಹೀರುವುದಿಲ್ಲ. ನೇಗಿಲು ಹೊಡೆದು ಮಿಶ್ರ ಮಾಡುವುದು ಅದಕ್ಕಿಂತ ಕೆಟ್ಟದ್ದು, ಒಂದು ಮೂಲೆಯ ಪೇಸ್ಟು ಇಡೀ ಹಿತ್ತಲಿಗೆ ಹರಡುತ್ತದೆ, ಮತ್ತೆ ಬೇರ್ಪಡಿಸಲಾಗದು.

ಮಣ್ಣಿನ ವರದಿ ಕಿಲೋಗೆ 200 ಮಿಲಿಗ್ರಾಂ ಒಳಗೆ ಬಂದರೆ ಬದನಿಕಾಯಿ, ಹೀರಿಕಾಯಿ, ಟೊಮ್ಯಾಟೊ ಹಾಕಿ, ಚೆನ್ನಾಗಿ ತೊಳೆದು ಬಳಸಿ. ಕಾಯಿಗೆ ಸೀಸ ಏರುವುದು ಬಹಳ ಕಡಿಮೆ. ಮೆಂತ್ಯ, ರಾಜಗಿರಿಯ ಎಲೆಗೆ ಧೂಳು ಅಂಟುತ್ತದೆ, ಗಜ್ಜರಿ, ಮೂಲಂಗಿಯ ಸಿಪ್ಪೆಗೆ ಮಣ್ಣೇ ಮೆತ್ತಿರುತ್ತದೆ, ಆದ್ದರಿಂದ ಅವು ಹೊರಗಿನ ಶುದ್ಧ ಮಣ್ಣು ತುಂಬಿದ, ತಳಕ್ಕೆ ತಾಡಪತ್ರಿ ಹಾಸಿದ ಒಂದೂವರೆ ಅಡಿ ಎತ್ತರದ ಮಡಿಯಲ್ಲಿ ಮಾತ್ರ. 200 ದಾಟಿದರೆ ನೆಲದಲ್ಲಿ ತಿನ್ನುವ ಬೆಳೆಯೇ ಬೇಡ. ಬಣ್ಣದ ತಾಡಪತ್ರಿ ಹಾಸಿ, ಮೇಲೆ ಒಂದು ಅಡಿ ಒಳ್ಳೆಯ ಮಣ್ಣು ಹಾಕಿ ಗರಿಕೆ ಬೆಳೆಸಿ, ಇಲ್ಲವೇ ಫರಸಿ ಕೂಡಿಸಿ. ಮುಂದೆ ಯಾರಾದರೂ ಅಗೆದರೆ ಆ ಬಣ್ಣ ಕಂಡು ನಿಲ್ಲಬೇಕು. ಸಾವಿರಗಟ್ಟಲೆ ಬಂದ ಜಾಗವನ್ನೂ ಉಳಿದ ಕಿಟ್ಟವನ್ನೂ ನೀವು ಮುಟ್ಟಬೇಡಿ. ಅದು ಅಪಾಯಕಾರಿ ತ್ಯಾಜ್ಯ, ಹಳ್ಳಕ್ಕೆ ಸುರಿಯುವಂತಿಲ್ಲ. ವರದಿ ಲಗತ್ತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಕ್ಕಳ ವಿಷಯ ಉದಾಸೀನ ಬೇಡ. ಒಂದೇ ಪ್ರಮಾಣ ಹೊಟ್ಟೆಗೆ ಹೋದರೂ ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಸೀಸ ಹೀರುತ್ತದೆ. 2007-08ರಲ್ಲಿ ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ ಇಂಥದೇ ಬ್ಯಾಟರಿ ಕೆಲಸದ ಮಣ್ಣಿನಿಂದ 18 ಮಕ್ಕಳು ತೀರಿಕೊಂಡರು. ಅಲ್ಲಿ ಆಡಿದ ಪ್ರತಿ ಮಗುವಿಗೂ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಿ ತಪ್ಪಿಸಬೇಕು, ಕಬ್ಬಿಣ, ಸುಣ್ಣದಂಶ (ಕ್ಯಾಲ್ಸಿಯಂ) ಇರುವ ಊಟ ಕೊಡಬೇಕು. 45 ಮುಟ್ಟಿದರೆ ಸೀಸ ಹೊರಹಾಕುವ ಔಷಧ ಬೇಕು, ಅದು ವೈದ್ಯರ ಕೈಯಲ್ಲೇ ಆಗಬೇಕು.

ನಿಮ್ಮ ಮನೆಯ ಬ್ಯಾಟರಿ ಸತ್ತಾಗ ಆಸಿಡ್ ಚೆಲ್ಲದೆ, ನೆಟ್ಟಗೆ ನಿಲ್ಲಿಸಿ, ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಹಳೆಯದರ ಬೆಲೆ ಬರೆಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಹಿಂಪಡೆದು ನೋಂದಾಯಿತ ಮರುಬಳಕೆ ಘಟಕಕ್ಕೆ ಮುಟ್ಟಿಸುವ ಹೊಣೆ ತಯಾರಕರದ್ದು. ಗುಜರಿಯವರು ನೂರಿನ್ನೂರು ಹೆಚ್ಚು ಕೊಡುತ್ತೇವೆ ಎಂದರೆ ಅದು ಎಲ್ಲಿ ಒಡೆಯುತ್ತದೆ ಎಂದು ಕೇಳಿ.